ನಾಳೆಯ ಕಣ್ಣು, ಇಂದಿನ ಕಣ್ಣು

ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ನಿರ್ದೇಶಕರಾದಾಗ ಅವರಿಗಿನ್ನೂ 30 ವರ್ಷ. ಅವರ ಬರಹಗಳಿಗಿಂತ ಯುದ್ಧಕಾಲದ ಒಂದು ನಿರ್ಧಾರ ನನ್ನನ್ನು ಹೆಚ್ಚು ಕಾಡುತ್ತದೆ. ಬಾಂಬಿಗೆ ಹೆದರಿ ಚಿತ್ರಗಳನ್ನು ವೇಲ್ಸ್‌ನ ಸ್ಲೇಟುಕಲ್ಲಿನ ಗಣಿಯೊಂದರಲ್ಲಿ ಇಟ್ಟಿದ್ದರು. ಖಾಲಿ ಗ್ಯಾಲರಿಯಲ್ಲಿ ಮಧ್ಯಾಹ್ನದ ಸಂಗೀತ ಕಚೇರಿಗಳು ನಡೆಯುತ್ತಿದ್ದವು. ಜನಕ್ಕೆ ಅಷ್ಟು ಸಾಲಲಿಲ್ಲ, ಚಿತ್ರವೂ ಬೇಕೆಂದರು. 1942ರಿಂದ ತಿಂಗಳಿಗೊಂದನ್ನು ಗಣಿಯಿಂದ ತಂದು ತೂಗುಹಾಕಿದರು. ಮೊದಮೊದಲು ಬಂದವುಗಳಲ್ಲಿ ಟಿಷಿಯನ್ನನ 'ನೋಲಿ ಮೆ ಟಾಂಜೆರೆ' ಒಂದು. ಹೆಸರಿನ ಅರ್ಥ 'ನನ್ನನ್ನು ಮುಟ್ಟಬೇಡ', ತಮಾಷೆ ನೋಡಿ!

ಅದು ಸುಟ್ಟುಹೋಗಿದ್ದರೆ? ಮುಂದಿನ ತಲೆಮಾರುಗಳ ಸೊತ್ತನ್ನು ಇಂದಿನವರಿಗಾಗಿ ಪಣಕ್ಕಿಡುವ ಹಕ್ಕು ಕಾಯುವವರಿಗೆ ಇದೆಯೇ? ಇದೆ ಎನ್ನುತ್ತೇನೆ, ಅಳುಕಿನಿಂದಲೇ. ಹುಟ್ಟದವರು ಬಂದು ತಕರಾರು ಹೇಳಲಾರರಲ್ಲ! ಆದರೆ ನಾಳೆ ತಾವಿರುತ್ತೇವೋ ಇಲ್ಲವೋ ತಿಳಿಯದೆ ಬಾಗಿಲಿಗೆ ಬಂದವರಿಗೆ, 'ಯುದ್ಧ ಮುಗಿದ ಮೇಲೆ ಬನ್ನಿ' ಎಂದು ಯಾವ ಬಾಯಲ್ಲಿ ಹೇಳುವುದು?