ಕೇಳಲು ಬರಲಾರದವರ ಋಣ

ಋಣವೆಂಬ ಶಬ್ದವನ್ನು ನಮ್ಮ ಹಿರಿಯರು ಬಹು ವಿಶಾಲವಾದ ಅರ್ಥದಲ್ಲಿ ಬಳಸುತ್ತಿದ್ದರು. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ಹೇಳುವಾಗ ಅದನ್ನು ವಸೂಲು ಮಾಡಲು ಯಾರಾದರೂ ಬಾಗಿಲಿಗೆ ಬಂದಾರೆಂಬ ಭಾವನೆ ಅವರಿಗೆ ಇರಲಿಲ್ಲ. ಆದರೆ ವ್ಯವಹಾರದ ಋಣದ ಮಾತು ಬಂದೊಡನೆ ನಾವೆಲ್ಲರೂ ಬೇರೊಂದು ಅಳತೆಗೋಲನ್ನು ಹಿಡಿಯುತ್ತೇವೆ. ಕೇಳುವವನು ಯಾರು? ಅವನು ನಮ್ಮನ್ನು ಹಿಡಿಯಬಲ್ಲನೆ? ಹಿಡಿಯಲಾರನಾದರೆ ಕೊಡುವ ಅಗತ್ಯವೇನು? ಈ ಪ್ರಶ್ನೆಯು ನಮ್ಮ ಮನೆಯಲ್ಲಿಯೇ ಎದ್ದು ಕೆಲವು ದಿನ ನಮ್ಮನ್ನು ಕಾಡಿತು. ವಿಷಯವೇನೋ ಅಲ್ಪ, ಪರದೇಶದಲ್ಲಿ ಬಾಡಿಗೆಗೆ ಪಡೆದ ಕಾರನ್ನು ಒಂದು ಅಂಗಡಿಯ ಆವರಣದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದುದರ ಶುಲ್ಕ. ಆದರೆ ಇಂದು ಎಷ್ಟೋ ಸದ್ಭಕ್ತರ ಮಕ್ಕಳು ಇಂಗ್ಲೆಂಡಿನಲ್ಲಿ ಇದ್ದಾರೆ, ತಂದೆತಾಯಿಗಳು ಅವರನ್ನು ಕಾಣಲು ಹೋಗಿಬರುತ್ತಾರೆ. ಆದುದರಿಂದ ಇದನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

2024ನೆಯ ಇಸವಿಯ ಮೇ ತಿಂಗಳಲ್ಲಿ ನಾನು, ನನ್ನ ಮಗ, ಸೊಸೆ ಮೂವರೂ ಆ ದೇಶಕ್ಕೆ ಹೋಗಿದ್ದೆವು. ಅಲ್ಲಿ ನನ್ನ ತಂಗಿಯ ಮಗಳು ಸಂಸಾರ ಹೂಡಿ ಕೆಲವು ವರ್ಷಗಳಾಗಿವೆ. ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಮೂರ್ತಿಯ ದರ್ಶನ ಮಾಡಿಕೊಂಡು, ಆಮೇಲೆ ಮಗನು ಒಂದು ಕಾರನ್ನು ಬಾಡಿಗೆಗೆ ಹಿಡಿದು ನಮ್ಮನ್ನು ಹಳ್ಳಿಗಾಡಿನ ಕಡೆಗೆ ಕರೆದೊಯ್ದನು. ಒಂದು ಊರಿನಲ್ಲಿ ದೊಡ್ಡ ಅಂಗಡಿಯ ಆವರಣದಲ್ಲಿ ಕಾರು ನಿಲ್ಲಿಸಿ, ಹತ್ತು ನಿಮಿಷದಲ್ಲಿ ಹಣ್ಣು ರೊಟ್ಟಿ ಕೊಂಡು, ಕಾರನ್ನು ಅಲ್ಲಿಯೇ ಬಿಟ್ಟು ನದಿಯನ್ನೂ ಹಳೆಯ ಚರ್ಚನ್ನೂ ನೋಡಲು ನಡೆದೆವು. ನನ್ನ ಮೊಣಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ದಂಡೆಯ ಬೆಂಚಿನ ಮೇಲೆ ಕುಳಿತವನು ಬೇಗ ಏಳಲಿಲ್ಲ. ತಿರುಗಿ ಬಂದಾಗ ಕಾರು ಇದ್ದಲ್ಲಿಯೇ ಇತ್ತು. ಗಾಜಿನ ಮೇಲೆ ಚೀಟಿಯಿಲ್ಲ, ಕೇಳುವ ಕಾವಲುಗಾರನಿಲ್ಲ. ನಾವು ಸುಖವಾಗಿ ಧಾರವಾಡಕ್ಕೆ ಮರಳಿ ಅದನ್ನು ಮರೆತೂ ಬಿಟ್ಟೆವು.

ಜೂನ್ ತಿಂಗಳಲ್ಲಿ ಮಗನ ಕ್ರೆಡಿಟ್ ಕಾರ್ಡಿನಿಂದ ಕಾರಿನ ಕಂಪನಿಯು ಮೂವತ್ತೈದು ಪೌಂಡುಗಳನ್ನು ತನ್ನ ಕಚೇರಿಯ ಖರ್ಚೆಂದು ತೆಗೆದುಕೊಂಡಿತು. ಕೆಲವು ದಿನಗಳ ತರುವಾಯ ತಂಗಿಯ ಮಗಳ ಮನೆಗೆ ಒಂದು ನೋಟೀಸು ಬಂತು. ಕಾರು ಹಿಡಿಯುವಾಗ ಕೊಟ್ಟ ವಿಳಾಸ ಅವಳದೇ. ಆವರಣದ ಕ್ಯಾಮೆರಾ ನಮ್ಮ ಕಾರಿನ ನಂಬರನ್ನು ಒಳಬರುವಾಗಲೂ ಹೊರಹೋಗುವಾಗಲೂ ಗುರುತಿಸಿತ್ತು. ಎರಡು ಗಂಟೆ ಪುಕ್ಕಟೆ ನಿಲ್ಲಬಹುದಾದ ಸ್ಥಳದಲ್ಲಿ ನಾವು ಎರಡು ಗಂಟೆ ನಲವತ್ತೊಂದು ನಿಮಿಷ ನಿಂತಿದ್ದೆವು. ಅವಧಿ ಮುಗಿದ ಮೇಲೆ ಹೊರಡಲು ಕೊಡುವ ಹತ್ತು ನಿಮಿಷದ ರಿಯಾಯಿತಿಯನ್ನು ಕಳೆದರೂ ನಮ್ಮ ಪಾಲಿಗೆ ಅರ್ಧ ಗಂಟೆ ಉಳಿಯುತ್ತದೆ. ಕೇಳಿದ ಹಣ ನೂರು ಪೌಂಡು. ಹದಿನಾಲ್ಕು ದಿನಗಳೊಳಗೆ ಕಟ್ಟಿದರೆ ಅರವತ್ತು, ಅಂದರೆ ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಮೇಲೆ.

ಮಗನು ನಕ್ಕನು. “ಅಪ್ಪಾ, ಅರವತ್ತು ಪೌಂಡಿಗಾಗಿ ಧಾರವಾಡದ ತನಕ ಯಾರು ಬರುತ್ತಾರೆ? ಇದು ಅಲ್ಲಿಯ ಸರಕಾರದ ದಂಡವೂ ಅಲ್ಲ. ಯಾವನೋ ಖಾಸಗಿ ಕಂಪನಿಯವನು ಕಳಿಸಿದ ಬಿಲ್ಲು. ಅಲ್ಲಿದ್ದವರೇ ಇಂಥವನ್ನು ಬುಟ್ಟಿಗೆ ಹಾಕುತ್ತಾರೆ ಎಂದು ನನ್ನ ಗೆಳೆಯ ಹೇಳಿದ್ದಾನೆ” ಎಂದನು. ನನ್ನ ಮಗನು ಸುಳ್ಳುಗಾರನಲ್ಲ, ಯಾರದನ್ನೂ ಮುಟ್ಟುವವನಲ್ಲ. ಇಂಥವನ ಬಾಯಿಂದ ಈ ಮಾತು ಇಷ್ಟು ಸಹಜವಾಗಿ ಬಂದುದರಿಂದಲೇ ನಾನು ಇದನ್ನು ಕುರಿತು ಯೋಚಿಸಬೇಕಾಯಿತು.

ಮೊದಲು ಸಂಗತಿಯನ್ನು ತಿಳಿಯುವುದು ಅವಶ್ಯ. ಆ ದೇಶದಲ್ಲಿ ಕಾರು ನಿಲ್ಲಿಸಿದುದಕ್ಕೆ ಬರುವ ನೋಟೀಸುಗಳು ಎರಡು ಬಗೆ. ಕೌನ್ಸಿಲ್ ಎಂಬ ಸ್ಥಳೀಯ ಸಂಸ್ಥೆಯು ಬೀದಿಗಳಲ್ಲಿ ಹಾಕುವುದು ‘ಪೆನಾಲ್ಟಿ ಚಾರ್ಜ್ ನೋಟೀಸ್’. ಇದು ಕಾಯಿದೆಯ ಬಲದಿಂದ ಹಾಕುವ ದಂಡ. ಖಾಸಗಿ ನೆಲದಲ್ಲಿ ಹಾಕುವುದು ‘ಪಾರ್ಕಿಂಗ್ ಚಾರ್ಜ್ ನೋಟೀಸ್’. ಇದು ಕರಾರಿನ ಮೇಲೆ ನಿಂತುದು. ಎರಡಕ್ಕೂ ಪಿ.ಸಿ.ಎನ್. ಎಂಬ ಒಂದೇ ಸಂಕ್ಷಿಪ್ತ ಹೆಸರಿರುವುದರಿಂದ ಪರಊರಿನವರು ಮೋಸಹೋಗುವುದುಂಟು. ಖಾಸಗಿ ನೆಲದಲ್ಲಿ ಹಿಂದೆ ಚಕ್ರಕ್ಕೆ ಬೀಗ ಜಡಿದು ಹಣ ವಸೂಲು ಮಾಡುತ್ತಿದ್ದರು. 2012ರ ಕಾಯಿದೆಯು ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಅದನ್ನು ಅಪರಾಧವೆಂದು ನಿಷೇಧಿಸಿತು. ಅದಕ್ಕೆ ಬದಲಾಗಿ, ಕಾರು ಓಡಿಸಿದವನು ಯಾರೆಂದು ಗೊತ್ತಾಗದಿದ್ದರೆ ಕಾರಿನ ದಾಖಲೆದಾರನನ್ನೇ ಕೇಳುವ ಹಕ್ಕನ್ನು ಕೆಲವು ನಿಬಂಧನೆಗಳಿಗೆ ಒಳಪಡಿಸಿ ನೆಲದವರಿಗೆ ಕೊಟ್ಟಿತು. ಕಾರು ಬಾಡಿಗೆಯದಾಗಿದ್ದರೆ, ಬಾಡಿಗೆಯ ಕಂಪನಿಯು ಕರಾರಿನ ಪ್ರತಿಯನ್ನೂ ಹೊಣೆ ತನ್ನದೆಂದು ಬಾಡಿಗೆದಾರನು ಸಹಿ ಮಾಡಿದ ಹೇಳಿಕೆಯನ್ನೂ ಇಪ್ಪತ್ತೆಂಟು ದಿನಗಳೊಳಗೆ ಒಪ್ಪಿಸಿ, ಹೊಣೆಯನ್ನು ಅವನ ಮೇಲೆ ದಾಟಿಸಬಹುದು. ಅದಕ್ಕೆ ಮುಂಚೆ ಓಡಿಸಿದವನ ಹೆಸರು ಗೊತ್ತಾಗದೆ ಎಷ್ಟೋ ನೋಟೀಸುಗಳು ನಿರ್ವೀರ್ಯವಾಗುತ್ತಿದ್ದುವು. ಮಗನ ಗೆಳೆಯನು ಹೇಳಿದ ಬುದ್ಧಿ ಆ ಕಾಲದ್ದು.

ಇನ್ನು ಆ ಹಣ ನ್ಯಾಯವೇ ಎಂಬ ಪ್ರಶ್ನೆ. ಇದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿತ್ತು. ಚೆಲ್ಮ್ಸ್‌ಫರ್ಡ್ ಎಂಬ ಊರಿನ ಅಂಗಡಿಗಳ ಆವರಣದಲ್ಲಿ ಬೀವಿಸ್ ಎಂಬವರು ಎರಡು ಗಂಟೆಯ ಮೇಲೆ ಐವತ್ತಾರು ನಿಮಿಷ ಕಾರು ನಿಲ್ಲಿಸಿದ್ದರು; ಅವರಿಂದ ಎಂಬತ್ತೈದು ಪೌಂಡು ಕೇಳಲಾಯಿತು. ಕೊಡಲಾರೆ, ಇದು ನಷ್ಟಕ್ಕೆ ಮೀರಿದ ದಂಡ ಎಂದು ಅವರು ವಾದಿಸಿದರು. 2015ರ ನವೆಂಬರ್ 4ರಂದು, ಅಂದರೆ ಬಸವಣ್ಣನವರ ಮೂರ್ತಿಯ ಅನಾವರಣಕ್ಕೆ ಕೇವಲ ಹತ್ತು ದಿನ ಮುಂಚೆ, ನ್ಯಾಯಾಲಯವು ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ಅಂಗಡಿಗೆ ಬರುವ ಬೇರೆ ಗಿರಾಕಿಗಳಿಗೆ ಸ್ಥಳ ದೊರೆಯಬೇಕಾದರೆ ನಿಂತವರು ಹೊತ್ತಿಗೆ ಸರಿಯಾಗಿ ತೆರಳಬೇಕು, ಅದನ್ನು ಕಾಯ್ದುಕೊಳ್ಳುವುದು ನ್ಯಾಯವಾದ ಹಿತ, ಫಲಕಗಳು ಸ್ಪಷ್ಟವಾಗಿದ್ದುವು, ಹಣವು ವಿಪರೀತವಲ್ಲ ಎಂಬುದು ಆ ತೀರ್ಪಿನ ಸಾರಾಂಶ. ಲಾರ್ಡ್ ಟೂಲ್ಸನ್ ಒಬ್ಬರು ಮಾತ್ರ ಭಿನ್ನಮತ ಬರೆದರು. ಒಬ್ಬೊಬ್ಬರ ಕಷ್ಟಕಾರಣಗಳಿಗೆ ಎಡೆಯಿಲ್ಲದ ಈ ಕರಾರು ಸಾಮಾನ್ಯ ಗಿರಾಕಿಗೆ ಅನ್ಯಾಯವೆಂಬ ಕಡೆಗೆ ಅವರ ಒಲವು. ಪ್ರಾಮಾಣಿಕವಾಗಿ ಹೇಳುವುದಾದರೆ ನನ್ನ ಮನಸ್ಸು ಅವರ ಮಾತಿನತ್ತ ವಾಲುತ್ತದೆ. ಅರ್ಧ ಗಂಟೆಗೆ ನೂರು ಪೌಂಡು ಎಂದರೆ ಯಾವ ಊರಿನ ಲೆಕ್ಕ!

ಆದರೆ ನಾನು ವಾಚಕರ ಲಕ್ಷ್ಯಕ್ಕೆ ತರಬೇಕೆಂದಿರುವುದು ತೀರ್ಪನ್ನಲ್ಲ, ಆ ಬೀವಿಸ್ ಅವರನ್ನು. ಅವರೂ ಕೊಡಲೊಲ್ಲೆ ಎಂದವರೇ. ಆದರೆ ಕಾರು ತನ್ನದಲ್ಲವೆನ್ನಲಿಲ್ಲ, ನಿಂತೇ ಇರಲಿಲ್ಲವೆನ್ನಲಿಲ್ಲ. ತನ್ನ ಹೆಸರಿನಲ್ಲಿಯೇ ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಿ, ಸೋಲುವ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಂಡು, ಇದು ಅನ್ಯಾಯವೆಂದು ಎಲ್ಲರೆದುರು ಹೇಳಿದರು. ನಾವು ಮಾಡಹೊರಟಿದ್ದುದೂ ಕೊಡದಿರುವುದೇ. ನಮಗೆ ಆ ಶುಲ್ಕ ಅನ್ಯಾಯವೆನಿಸಿದುದು ವಿಮಾನವೇರಿ ಬಂದ ಮೇಲೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾದ ನಿರಾಕರಣೆ. ಒಳಗಿನಿಂದ ನೋಡಿದರೆ ಒಂದು ವಾದ, ಇನ್ನೊಂದು ತಲೆತಪ್ಪಿಸಿಕೊಳ್ಳುವುದು.

ನಾನು ಮಗನನ್ನು ಕೇಳಿದೆ: “ನಾವು ಆ ಊರಿನಲ್ಲಿಯೇ ಮನೆ ಮಾಡಿಕೊಂಡಿದ್ದರೆ ನೀನೇನು ಮಾಡುತ್ತಿದ್ದೆ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೋರ್ಡು ಕಾಣಲಿಲ್ಲವೆಂದು ಒಂದು ಪತ್ರ ಬರೆದು ನೋಡುತ್ತಿದ್ದೆ. ಒಪ್ಪದಿದ್ದರೆ ಕಟ್ಟುತ್ತಿದ್ದೆ” ಎಂದನು. ಆ ಪತ್ರವನ್ನು ಇಲ್ಲಿಂದಲೂ ಬರೆಯಬಹುದಷ್ಟೆ. ಅಲ್ಲಿ ಮೊದಲು ಆ ಕಂಪನಿಗೇ ಇಪ್ಪತ್ತೆಂಟು ದಿನಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಅವರು ಒಪ್ಪದಿದ್ದರೆ, ಕಂಪನಿಯು ಯಾವ ಸಂಘಕ್ಕೆ ಸೇರಿದೆಯೋ ಅದನ್ನನುಸರಿಸಿ ಪಾಪ್ಲಾ ಅಥವಾ ಐ.ಎ.ಎಸ್. ಎಂಬ ಮೇಲ್ಮನವಿಯ ವ್ಯವಸ್ಥೆಗೆ ಹೋಗಬಹುದು. ಅಲ್ಲಿ ಸೋತರೆ ರಿಯಾಯಿತಿ ಹೋಗಿ ಪೂರ್ತಿ ಹಣ ತೆರಬೇಕಾಗುತ್ತದೆ. ಮಗನು ಅಂದು ರಾತ್ರಿಯೇ ಪತ್ರದ ಕರಡನ್ನು ಸಿದ್ಧಪಡಿಸಿದನು: ಮಳೆ ಬರುತ್ತಿತ್ತು, ಫಲಕವು ನಮ್ಮ ಕಣ್ಣಿಗೆ ಬೀಳಲಿಲ್ಲ, ಇತ್ಯಾದಿ.

ಮರುದಿನ ಮುಂಜಾನೆ ಸೊಸೆಯು ತನ್ನ ಫೋನನ್ನು ತಂದು ನನ್ನ ಮುಂದೆ ಹಿಡಿದು, “ಮಾವನವರೇ, ಇದನ್ನು ನೋಡಿರಿ” ಎಂದಳು. ಕಾರಿನಿಂದಿಳಿದು ನಾವು ಮೂವರೂ ನಗುತ್ತ ನಿಂತು ತೆಗೆಸಿಕೊಂಡ ಚಿತ್ರ. ನಮ್ಮ ಹಿಂದೆ, ನನ್ನ ಮಗನ ಭುಜದ ಮೇಲುಗಡೆ, ಹಳದಿಯ ದೊಡ್ಡ ಫಲಕ. ಗಿರಾಕಿಗಳಿಗೆ ಮಾತ್ರ, ಎರಡು ಗಂಟೆ, ತಪ್ಪಿದರೆ ನೂರು ಪೌಂಡು. ಅಕ್ಷರಗಳು ನನ್ನಂಥ ಮುದುಕನಿಗೂ ಕನ್ನಡಕವಿಲ್ಲದೆ ಕಾಣುವಷ್ಟು ದೊಡ್ಡವು. ಮಳೆಯೂ ಇರಲಿಲ್ಲ, ಬಿಸಿಲಿತ್ತು. ಸೊಸೆಯು ಮತ್ತೇನೂ ಹೇಳಲಿಲ್ಲ. ಬೆರಳಿನಿಂದ ಹಿಂದಕ್ಕೆ ಸರಿಸಿದಾಗ ಅದೇ ಸಾಲಿನಲ್ಲಿ ಲ್ಯಾಂಬೆತ್ತಿನ ಮೂರ್ತಿಯ ಮುಂದೆ ನಾವು ಕೈಮುಗಿದು ನಿಂತ ಚಿತ್ರವೂ ಬಂತು. ಮಗನು ಕರಡನ್ನು ತಾನಾಗಿಯೇ ಅಳಿಸಿದನು. ಬೇಕೆಂದು ಸುಳ್ಳು ಬರೆದವನಲ್ಲ ಅವನು. ಮಳೆಯಿತ್ತೆಂದೇ ಅವನಿಗೆ ನೆನಪಾಗಿತ್ತು. ಹಣ ಕೊಡಬಾರದೆಂಬ ಮನಸ್ಸು ಬಲವಾದಾಗ ನೆನಪು ಕೂಡ ಅದರ ಚಾಕರಿಗೆ ನಿಲ್ಲುತ್ತದೆ. ಇದು ನನಗೆ ಬಹಳ ಹೆದರಿಕೆ ಹುಟ್ಟಿಸಿದ ಸಂಗತಿ.

ಖಾಸಗಿಯವನ ಹಣವೆಂಬ ಮಾತಿನ ಬಗೆಗೂ ಎರಡು ನುಡಿ ಹೇಳಬೇಕು. ಸರಕಾರಕ್ಕೆ ಅಂಜಿ ಕೊಡುವುದು ಕರ್ತವ್ಯ, ಖಾಸಗಿಯವನಿಗೆ ಕೊಡುವುದು ನಮ್ಮ ಇಷ್ಟ ಎಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. ನಮ್ಮ ಊರುಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ, ಮಗ್ಗದವರ ಬಾಕಿ, ಆಳಿನ ಕೂಲಿ ಎಲ್ಲವೂ ಖಾಸಗಿಯೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಇರಗೊಡದೆ ಸುರಿದುಬರಲು ಕಳುಹಿಸಿದ ಕಥೆ ಎಲ್ಲರಿಗೂ ವಿದಿತವೇ ಆಗಿದೆ. ಆ ಅಕ್ಕಿಯನ್ನು ಕೇಳಲು ಯಾರೂ ಬರುತ್ತಿರಲಿಲ್ಲ. ನಾವು ಆ ಅಂಗಡಿಯವನ ನೆಲವನ್ನು ಹತ್ತು ನಿಮಿಷ ಗಿರಾಕಿಗಳಾಗಿಯೂ ಉಳಿದ ಹೊತ್ತು ಪ್ರವಾಸಿಗಳಾಗಿಯೂ ಬಳಸಿದ್ದೆವು. ಆ ನಿಯಮವು ತಡೆಯಲೆಂದು ಹುಟ್ಟಿದ ಕೆಲಸವನ್ನೇ ನಾವು ಮಾಡಿದ್ದೆವು.

ಹಾಗೆಂದು ಬಂದ ನೋಟೀಸಿಗೆಲ್ಲ ಹಣ ತೆತ್ತುಬಿಡುವುದು ಸದಾಚಾರವೆಂದು ಯಾರೂ ತಿಳಿಯಬಾರದು. ಹುಬ್ಬಳ್ಳಿಯ ನನ್ನ ಪರಿಚಿತರೊಬ್ಬರು ಅದೇ ದೇಶದಲ್ಲಿ ಹಣ ಕೊಟ್ಟೇ ಚೀಟಿ ಪಡೆದಿದ್ದರು; ಯಂತ್ರದಲ್ಲಿ ಕಾರಿನ ನಂಬರನ್ನು ಒತ್ತುವಾಗ ಒಂದಕ್ಷರ ತಪ್ಪಿತ್ತು. ನೋಟೀಸು ಬಂದೊಡನೆ ಮುಂದಿನ ಸಲದ ವೀಸಾಕ್ಕೆ ತೊಂದರೆಯಾದೀತೆಂದು ಅಂಜಿ ಪೂರ್ತಿ ಹಣ ಕಟ್ಟಿದರು. ಖಾಸಗಿ ಕರಾರಿನ ಬಾಕಿಯೊಂದು ಅಪರಾಧವಲ್ಲ. ಹಣ ಕೊಟ್ಟವನ ಇಂಥ ಸಣ್ಣ ಕೈತಪ್ಪಿಗೆ ಶುಲ್ಕವನ್ನು ರದ್ದುಪಡಿಸಬೇಕೆಂಬುದು ಆ ಕಂಪನಿಗಳ ಸಂಘದ ನಿಯಮಾವಳಿಯಲ್ಲಿಯೇ ಇದೆ. ಚೀಟಿಯ ಪ್ರತಿಯೊಡನೆ ಒಂದು ಪತ್ರ ಬರೆದಿದ್ದರೆ ಸಾಕಾಗುತ್ತಿತ್ತು. ಈ ಕಂಪನಿಗಳ ನಡತೆಗೆ ಕಟ್ಟುಪಾಡು ಬೇಕೆಂದು 2019ರಲ್ಲಿ ಆ ದೇಶದ ಪಾರ್ಲಿಮೆಂಟೇ ಒಂದು ಕಾಯಿದೆ ಮಾಡಿತೆಂದ ಮೇಲೆ ಅವರೆಲ್ಲ ಸಾಧುಗಳೆಂದು ನಾವು ಭಾವಿಸಬೇಕಾಗಿಲ್ಲ. ಲಕ್ಕಮ್ಮನವರು ಬೇಡವೆಂದ ಹೆಚ್ಚಿನ ಅಕ್ಕಿಯನ್ನು ಇವರು ಕೇಳಿ ಪಡೆಯುತ್ತಿದ್ದರೆ ಇಲ್ಲವೆನ್ನುವುದೂ ತಪ್ಪಲ್ಲ. ಹುಬ್ಬಳ್ಳಿಯವರು ಕೊಟ್ಟುದು ಅಂಜಿಕೆಯಿಂದ, ನಾವು ಕೊಡದೆ ಉಳಿಯಹೊರಟಿದ್ದುದು ಅಂಜಿಕೆಯಿಲ್ಲದುದರಿಂದ. ಹಣವು ನಿಜವಾಗಿ ಸಲ್ಲಬೇಕೆ ಎಂಬ ವಿಚಾರಣೆ ಎರಡು ಕಡೆಯೂ ನಡೆದಿರಲಿಲ್ಲ.

ವ್ಯವಹಾರದ ಒಂದು ಸೂಕ್ಷ್ಮವನ್ನು ಕಾರು ಹಿಡಿಯುವವರು ಗಮನಿಸಬೇಕು. ಕೆಲವು ಬಾಡಿಗೆ ಕಂಪನಿಗಳು ನೋಟೀಸನ್ನು ನಮಗೆ ದಾಟಿಸದೆ ತಾವೇ ಹಣ ಕಟ್ಟಿ ನಮ್ಮ ಕಾರ್ಡಿನಿಂದ ತೆಗೆದುಬಿಡುತ್ತವೆ. ಒಮ್ಮೆ ಹಣ ಸಂದರೆ ಆಕ್ಷೇಪಕ್ಕೆ ಎಡೆ ಉಳಿಯುವುದು ಕಷ್ಟ. ಖಾಸಗಿ ನೋಟೀಸು ಬಂದರೆ ಹಣ ಕಟ್ಟದೆ ನಮ್ಮ ಹೆಸರನ್ನು ತಿಳಿಸಿರೆಂದು ಕಾರು ಪಡೆಯುವಾಗಲೇ ಬರೆದುಕೊಡುವುದು ಒಳ್ಳೆಯದು. ಕಚೇರಿ ಖರ್ಚಿನ ಕಲಮು ಕರಾರಿನಲ್ಲಿ ಇದೆಯೇ, ಎಷ್ಟು ಎಂಬುದನ್ನೂ ಸಹಿ ಹಾಕುವ ಮುಂಚೆ ಓದಬೇಕು. ನಾವು ಓದಿರಲಿಲ್ಲ. ಆಮೇಲೆ ತೆಗೆದು ನೋಡಿದಾಗ ಮೂವತ್ತೈದು ಪೌಂಡು ಅಲ್ಲಿಯೇ ಅಚ್ಚಾಗಿತ್ತು, ಕೆಳಗೆ ಮಗನ ಸಹಿ.

ಧಾರವಾಡಕ್ಕೆ ಯಾರೂ ಬರುವುದಿಲ್ಲವೆಂಬ ಮಾತಿಗೆ ಉತ್ತರ ಬಂದುದು ನನ್ನಿಂದಲ್ಲ, ತಂಗಿಯ ಮಗಳಿಂದ. ಫೋನಿನಲ್ಲಿ ಅವಳು ಸಂಕೋಚದಿಂದ, “ಮಾಮಾ, ನೀವು ಕಟ್ಟುವುದಿಲ್ಲವಾದರೆ ಮೊದಲೇ ಹೇಳಿಬಿಡಿರಿ. ಮುಂದೆ ವಸೂಲಿಯವರ ಕಾಗದಗಳು, ಕೋರ್ಟಿನ ಕಾಗದಗಳು ಈ ಮನೆಗೇ ಬರುತ್ತವೆ. ಪೋಸ್ಟು ಬಿದ್ದಾಗಲೆಲ್ಲ ನಾನೇ ಒಡೆದು ನೋಡಬೇಕು” ಎಂದಳು. ಚಿಕ್ಕ ಮಕ್ಕಳಿಬ್ಬರನ್ನು ಸಾಕುತ್ತ ಕೆಲಸಕ್ಕೂ ಹೋಗುವ ಹುಡುಗಿ. ನಮಗೆ ಹದಿನೈದು ದಿನ ರೊಟ್ಟಿ ಬಡಿದು ಹಾಕಿದವಳು. ನಾವು ತಪ್ಪಿಸಿಕೊಂಡಿದ್ದರೆ ಕಂಪನಿಗೆ ಏನಾಗುತ್ತಿತ್ತೋ ಏನೋ, ಇವಳ ಬಾಗಿಲಿಗೆ ಮಾತ್ರ ಕಾಗದ ಬೀಳುತ್ತಿತ್ತು.

ಹನ್ನೆರಡನೆಯ ದಿನ ಮಗನು ಅರವತ್ತು ಪೌಂಡುಗಳನ್ನು ಕಟ್ಟಿದನು. ಬೆಂಚಿನ ಮೇಲೆ ಹೊತ್ತು ಕಳೆದವನು ನಾನಾದುದರಿಂದ ಅರ್ಧ ಹಣವನ್ನು ನನ್ನ ಪೆನ್ಶನ್ನಿನಿಂದ ತೆಗೆದು ಅವನ ಮುಂದಿಟ್ಟೆ. ಬೇಡವೆಂದು ಎರಡು ದಿನ ಮೇಜಿನ ಮೇಲೆಯೇ ಬಿಟ್ಟಿದ್ದನು. ಮೂರನೆಯ ದಿನ ತೆಗೆದುಕೊಂಡನು.