ಕಾರ್ಯದಿಂದ ಕಾರಣಕ್ಕೆ

ರನ್ನ ಬೆಳಗಲಿಯ ಕಬ್ಬಿನ ಸೀಮೆಯಲ್ಲಿ ಹಳೆಯ ಪಿಕಪ್ ವಾಹನದ ಏಸಿ ಬಿಸಿಗಾಳಿಯನ್ನೇ ಊದಿದಾಗ, ಗ್ಯಾಸ್ ಮುಗಿದಿದೆಯೆಂದು ತೀರ್ಮಾನಿಸಿ ಮತ್ತೆ ತುಂಬಿಸುವವರುಂಟು. ಆದರೆ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಕ್ಲಚ್ ಹಿಡಿಯದಿದ್ದರೂ, ಶಾಖವನ್ನು ಹೊರಚೆಲ್ಲುವ ಕಂಡೆನ್ಸರಿಗೆ ಧೂಳು ಮೆತ್ತಿದ್ದರೂ ಇದೇ ಫಲ ಕಾಣುತ್ತದೆ. ಕಾರ್ಯದಿಂದ ಕಾರಣವನ್ನು ಊಹಿಸುವುದನ್ನು ನ್ಯಾಯದರ್ಶನದಲ್ಲಿ ಶೇಷವತ್ ಅನುಮಾನವೆನ್ನುತ್ತಾರೆ. ಒಂದೇ ಕಾರ್ಯಕ್ಕೆ ಹಲವು ಕಾರಣಗಳಿರಬಹುದಾದಲ್ಲಿ ಅದು ಜಾರುವ ನೆಲ.

993ರಲ್ಲಿ ಅಜಿತಪುರಾಣವನ್ನು ರಚಿಸಿದ, ಇದೇ ಬೆಳಗಲಿಯ ಕವಿ ರನ್ನನ ಜೈನ ಪರಂಪರೆಯ ಅನೇಕಾಂತವಾದ, ಅಂದರೆ ವಸ್ತು ಬಹುಮುಖಿಯಾಗಿದ್ದು ಒಂದು ದೃಷ್ಟಿಗೆ ಒಂದು ಮುಖವಷ್ಟೇ ದಕ್ಕುತ್ತದೆಂಬ ನಿಲುವು, ಇಲ್ಲಿ ಎಚ್ಚರಿಕೆಯಾಗಬಲ್ಲದು. ಆದರೂ ಎಲ್ಲ ಊಹೆಗಳೂ ಸಮಾನವೆಂಬುದು ಅದರ ಅರ್ಥವಲ್ಲ: ಒತ್ತಡದ ಗೇಜು ಕೆಲವನ್ನು ತಳ್ಳಿಹಾಕುತ್ತದೆ. ಮುಚ್ಚಿದ ಸುತ್ತಿನಲ್ಲಿ ಹರಿಯುವ ಗ್ಯಾಸ್ ಉಪಯೋಗದಿಂದ ತೀರದೆ ಸೋರಿದರಷ್ಟೇ ಕುಗ್ಗುವುದರಿಂದ, ಸೋರಿಕೆಯನ್ನು ಹುಡುಕದೆ ತುಂಬಿಸುವುದು ಕಾರ್ಯವನ್ನೇ ಕಾರಣವೆಂದು ಬಗೆದಂತೆ.