ಮೇಷ್ಟ್ರ ರಾಗ, ಹುಡುಗನ ಹಾಡು



ನಮ್ಮ ಗಾನವೃಂದದ ಯುವಕನೊಬ್ಬ ಧರ್ಮಕೇಂದ್ರದ ಹಬ್ಬಕ್ಕೆಂದು ಕಾಣಿಕೆ ಗೀತೆಯೊಂದಕ್ಕೆ ತಾನೇ ರಾಗ ಹಾಕಿದ. ಅಭ್ಯಾಸದ ದಿನ ಹಿರಿಯರೊಬ್ಬರು, "ಇದು ನಿಮ್ಮ ಮೇಷ್ಟ್ರ ರಾಗವೇ ಅಲ್ವೇನಪ್ಪಾ?" ಎಂದು ನಕ್ಕರಂತೆ. ಆ ಮೇಷ್ಟ್ರು ಅವನಿಗೆ ಹತ್ತು ವರ್ಷ ಹಾರ್ಮೋನಿಯಂ ಕಲಿಸಿದವರು; ಈಗಿಲ್ಲ. ಸಂಜೆ ಹುಡುಗ ನನ್ನ ಬಳಿ ಬಂದು, "ಸ್ವಾಮಿ, ನಾನು ಕದ್ದಿದ್ದೀನಾ?" ಎಂದು ಕೇಳಿದ. ಹಬ್ಬಕ್ಕೆ ಆ ಹಾಡು ಬೇಡ ಎಂದೂ ಹೇಳಿದ.

ಬೆನ್ನು ತಟ್ಟಿ ಕಳಿಸಿಬಿಡಬಹುದಿತ್ತು. ಆದರೆ ಆ ಪ್ರಶ್ನೆ ನನ್ನದೂ ಆಗಿತ್ತು. ಗುರುದೀಕ್ಷೆಯಾದ ಹೊಸದರಲ್ಲಿ ನಾನು ಬಹಳ ಮೆಚ್ಚಿದ್ದ ಹಿರಿಯ ಗುರುಗಳೊಬ್ಬರಂತೆಯೇ ಪ್ರಬೋಧನೆ ಮಾಡುತ್ತಿದ್ದೆ. ಅವರು ನಿಲ್ಲಿಸುವ ಕಡೆ ನಾನೂ ನಿಲ್ಲಿಸುತ್ತಿದ್ದೆ. ಅವರು ಕೆಮ್ಮುವ ಕಡೆ ಕೆಮ್ಮಿಯೂ ಇರಬೇಕು! ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅಜ್ಜಿಯೊಬ್ಬರು, "ಅವರೇ ಮಾತಾಡಿದ ಹಾಗಿತ್ತು ಸ್ವಾಮಿ. ನೀವು ಯಾವಾಗ ಮಾತಾಡ್ತೀರಿ?" ಎಂದರು.

ಸಂತ ಅಗುಸ್ತೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದ ಕೊನೆಯ ಭಾಗದಲ್ಲಿ ಈ ವಿಷಯವನ್ನು ಮುಟ್ಟುತ್ತಾರೆ. ಮಾತಿನ ಕಲೆ ನಿಯಮಗಳಿಂದ ಬರುವುದಕ್ಕಿಂತ, ಚೆನ್ನಾಗಿ ಮಾತನಾಡುವವರನ್ನು ಕೇಳುವುದರಿಂದ ಬರುತ್ತದೆ; ಮಗು ಭಾಷೆ ಕಲಿಯುವುದೂ ಹಾಗೆಯೇ ಎನ್ನುತ್ತಾರೆ. ಸ್ವಂತವಾಗಿ ಬರೆಯಲಾರದವನು ಇನ್ನೊಬ್ಬರ ಪ್ರಬೋಧನೆಯನ್ನು ಕಲಿತು ಹೇಳಿದರೂ ಅವರಿಗೆ ಅಭ್ಯಂತರವಿಲ್ಲ. ಒಳ್ಳೆಯ ಮಾತನ್ನಾಡಿ ಕೆಟ್ಟದಾಗಿ ಬದುಕುವವನೇ ಅವರ ದೃಷ್ಟಿಯಲ್ಲಿ ಕಳ್ಳ. ಇದನ್ನು ಓದಿ ನನಗೆ ಸಮಾಧಾನವಾಯಿತು. ಆದರೂ ಅಜ್ಜಿಯ ಮಾತು ಬಿಡಲಿಲ್ಲ. ಅವರು ನನ್ನನ್ನು ಕಳ್ಳನೆಂದಿರಲಿಲ್ಲವಲ್ಲ. ನಾನೆಲ್ಲಿ ಎಂದು ಕೇಳಿದ್ದರು.

ಇದಕ್ಕೆ ಉತ್ತರ ನನಗೆ ಪುಸ್ತಕಗಳಿಗಿಂತ ಹೆಚ್ಚಾಗಿ ಚಿತ್ರ ಬರೆದ ಮೂವರು ಯೇಸುಸಭೆಯ ಬ್ರದರ್‌ಗಳಿಂದ ಸಿಕ್ಕಿತು. ಮೊದಲನೆಯವರು ಆಂದ್ರೆಯಾ ಪೊಜ್ಜೊ. ರೋಮಿನ ಸಂತ ಇಗ್ನಾಸಿಯವರ ದೇವಾಲಯದ ಛಾವಣಿಯಲ್ಲಿ, 1694ರಲ್ಲಿ ಮುಗಿದ ಅವರ ಚಿತ್ರವಿದೆ. ನೆಲದಲ್ಲಿ ಗುರುತಿಗೆ ಹಾಕಿರುವ ದುಂಡನೆಯ ಕಲ್ಲಿನ ಮೇಲೆ ನಿಂತು ನೋಡಿದರೆ ಬಣ್ಣದ ಕಂಬಗಳು ನೆಟ್ಟಗೆ ಆಕಾಶಕ್ಕೇರುತ್ತವೆ. ಅಲ್ಲಿಂದ ದೂರ ಸರಿದರೆ ವಾಲುತ್ತವೆ. ಈ ವಿದ್ಯೆಯನ್ನು ಪೊಜ್ಜೊ ಗುಟ್ಟು ಮಾಡಲಿಲ್ಲ. ಎರಡು ಸಂಪುಟಗಳಲ್ಲಿ ಬರೆದು ಅಚ್ಚು ಹಾಕಿಸಿದರು.

ಅದನ್ನು ಚೀನಾಕ್ಕೆ ಕೊಂಡೊಯ್ದವರಲ್ಲಿ ಜುಸೆಪ್ಪೆ ಕಾಸ್ತಿಲ್ಯೋನೆ ಪ್ರಮುಖರು. 1715ರಲ್ಲಿ ಚೀನಾ ತಲುಪಿ ಅರಮನೆಯ ಚಿತ್ರಕಾರರಾದರು. ಯುರೋಪಿನಲ್ಲಿ ಮುಖದ ಒಂದು ಪಕ್ಕಕ್ಕೆ ಗಾಢ ನೆರಳು ಕೊಡುವುದು ರೂಢಿ. ಚೀನೀಯರಿಗೆ ಅದು ಹಿಡಿಸದು. ಕಾಸ್ತಿಲ್ಯೋನೆ ನೆರಳನ್ನು ಹಗುರ ಮಾಡಿದರು. ಕಲಿತದ್ದನ್ನು ಬಿಡಲಿಲ್ಲ, ಆದರೆ ನೋಡುವವರ ಕಣ್ಣನ್ನೂ ಮರೆಯಲಿಲ್ಲ.

ಮೂರನೆಯವರು ನಮಗೆ ಹತ್ತಿರದವರು. ಬೆರ್ಗಾಮೊ ನಗರದ ಕಲಾಶಾಲೆಯಲ್ಲಿ ಕಲಿತ ಅಂತೋನಿಯೊ ಮೊಸ್ಕೇನಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಸುಮಾರು 1900ರ ಹೊತ್ತಿಗೆ ಚಿತ್ರಗಳಿಂದ ತುಂಬಿದರು. ಗುರುಮಠದಲ್ಲಿದ್ದಾಗ ಅದನ್ನು ಕತ್ತು ನೋಯುವಷ್ಟು ಹೊತ್ತು ನೋಡಿದ್ದೇನೆ. ಚಪ್ಪಟೆ ಗೋಡೆಯಲ್ಲಿ ಆಳ ಕಾಣಿಸುವ ಆ ಹಳೆಯ ವಿದ್ಯೆ ಇಲ್ಲಿಯೂ ಇದೆ. ಆದರೆ ಮೊಸ್ಕೇನಿ ಪೊಜ್ಜೊ ಅವರಂತೆ ಛಾವಣಿಯನ್ನೆಲ್ಲ ಒಂದೇ ಆಕಾಶವಾಗಿಸಲಿಲ್ಲ. ಸಂತ ಅಲೋಶಿಯಸರ ಬಾಳನ್ನು ಚೌಕಟ್ಟು ಚೌಕಟ್ಟಾಗಿ ಬರೆದರು. ಕೆಳಗೆ ಕೂರುವವರು ಶಾಲೆಯ ಹುಡುಗರು. ಅವರಿಗೆ ಪುಟ ತಿರುವಿದಂತೆ ಕಥೆ ಸಿಗುತ್ತದೆ. ಅವರ ಮನಸ್ಸಿನಲ್ಲಿ ಹೀಗೇ ಇತ್ತೋ ಏನೋ, ನನಗಂತೂ ಹಾಗೆ ಕಾಣುತ್ತದೆ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವರಿಗೆ 51 ವರ್ಷ.

ನಾನು ನನ್ನ ಹಿರಿಯ ಗುರುಗಳ ದನಿ ತೆಗೆದುಕೊಂಡಿದ್ದೆ. ಅವರು ಯಾರನ್ನು ನೋಡಿ ಮಾತನಾಡುತ್ತಿದ್ದರೋ ಅದನ್ನು ಗಮನಿಸಿರಲಿಲ್ಲ. ನನ್ನ ಮುಂದೆ ಕೂತಿದ್ದ ಅಜ್ಜಿಯನ್ನಂತೂ ನೋಡಿಯೇ ಇರಲಿಲ್ಲ.

ಹುಡುಗನಿಗೆ ಹಾಡನ್ನು ಹಾಡೆಂದೆ. ನಿಜ, ಮೇಷ್ಟ್ರ ಛಾಯೆ ಉದ್ದಕ್ಕೂ ಇತ್ತು. ಆದರೆ ಎರಡನೇ ಚರಣದಲ್ಲಿ ಒಂದು ಕಡೆ ರಾಗ ಬೇರೆ ದಾರಿ ಹಿಡಿಯಿತು. ಅಲ್ಲೇಕೆ ಹಾಗೆ ಎಂದು ಕೇಳಿದೆ.

"ಅಲ್ಲಿ ಮೇಷ್ಟ್ರಾಗಿದ್ರೆ ಮೇಲಕ್ಕೆ ಹೋಗ್ತಿದ್ರು ಸ್ವಾಮಿ. ಹಿಂದಿನ ಬೆಂಚಿನ ಅಮ್ಮಂದಿರಿಗೆ ಆ ಸ್ವರ ಎಟುಕಲ್ಲ. ಅದಕ್ಕೇ ಇಳಿಸಿದೆ."

ಹಬ್ಬದ ದಿನ ಆ ಹಾಡನ್ನೇ ಹಾಡಿದರು. ಹಾಡಿನ ಹಾಳೆಯಲ್ಲಿ ಮೇಷ್ಟ್ರ ಹೆಸರನ್ನೂ ಹಾಕಿಸಬೇಕೆಂದು ಹುಡುಗನೇ ಕೇಳಿಕೊಂಡಿದ್ದ. ಅವರ ಪತ್ನಿ ಆ ಹಾಳೆಯನ್ನು ಮಡಿಸಿ ಜಪದ ಪುಸ್ತಕದೊಳಗಿಟ್ಟುಕೊಂಡು ಮನೆಗೆ ಹೋದರು.